ಕಿಟಕಿಗೆ ಅಂಟಿಸುವ ಕಾವಲುಗಾರ: ಎಷ್ಟು ನಂಬಬಹುದು?

ಬ್ರಿಟನ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಬೇಸಿಗೆಯಲ್ಲಿ ಹೆಂಡತಿ, ಮಕ್ಕಳೊಂದಿಗೆ ಫ್ರಾನ್ಸ್ ಪ್ರವಾಸ ಮಾಡಿದ. ಅವನ ವಾಹನ ಮೋಟಾರ್‌ಹೋಮ್. ಎಂದರೆ ಮಲಗಲು ಮಂಚ, ಅಡುಗೆಗೆ ಒಲೆ, ಶೌಚಾಲಯ ಎಲ್ಲವನ್ನೂ ಒಳಗೊಂಡ ಚಲಿಸುವ ಮನೆ. ಅದರ ಕಿಟಕಿಗಳಿಗೆ, ಪೇಟೆಯಲ್ಲಿ ಸುಲಭವಾಗಿ ಸಿಗುವ ಅಂಟಿಸುವ ಅಲಾರಂಗಳನ್ನು ಹಾಕಿದ್ದ. ಮೊದಲೆರಡು ರಾತ್ರಿ ಗಾಳಿ ಬೀಸಿದಾಗಲೆಲ್ಲ ಅವು ಕೂಗಿದವು. ಮಕ್ಕಳು ಬೆಚ್ಚಿ ಅತ್ತರು. ಪಕ್ಕದ ವಾಹನದವರು ಬಂದು ಬಾಗಿಲು ತಟ್ಟಿದರು. ಮೂರನೆಯ ರಾತ್ರಿ ಅವನು ಅಲಾರಂಗಳನ್ನು ಆರಿಸಿ ಮಲಗಿದ. ಅದಾದ ಎರಡು ದಿನಗಳ ಮೇಲೆ, ಎಲ್ಲರೂ ನಿದ್ದೆಯಲ್ಲಿದ್ದಾಗ, ಯಾರೋ ಊಟದ ಮೇಜಿನ ಪಕ್ಕದ ಕಿಟಕಿಯನ್ನು ಮೀಟಿ ತೆಗೆದು, ಪಾಸ್‌ಪೋರ್ಟುಗಳಿದ್ದ ಚೀಲವನ್ನು ಒಯ್ದರು. ಮಗಳು ಮಲಗಿದ್ದ ಜಾಗ ಆ ಕಿಟಕಿಯಿಂದ ಒಂದು ಮೀಟರ್ ದೂರವೂ ಇರಲಿಲ್ಲ.

ಮನೆಗೆ ಮರಳಿದ ಮೇಲೆ ಅವನು ನಾಲ್ಕು ಬಗೆಯ ಅಲಾರಂ ಪೆಟ್ಟಿಗೆಗಳ ಛಾಯಾಚಿತ್ರ ಕಳಿಸಿ, ‘ಸರ್, ಇವುಗಳಲ್ಲಿ ಯಾವುದನ್ನು ಕೊಳ್ಳಲಿ?’ ಎಂದು ಕೇಳಿದ. ಪೆಟ್ಟಿಗೆಗಳ ಮೇಲಿದ್ದ ಮಾತುಗಳನ್ನು ಭೌತವಿಜ್ಞಾನದ ಒರೆಗಲ್ಲಿಗೆ ಹಚ್ಚಿದಾಗ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ನಾಲ್ಕರ ಮೇಲೂ ದೊಡ್ಡ ಅಕ್ಷರದಲ್ಲಿದ್ದುದು ಕೂಗಿನ ಪ್ರಬಲತೆ. ಅಲಾರಂ ಎಷ್ಟು ಬಾರಿ ಸುಳ್ಳು ಕೂಗುತ್ತದೆ ಎಂಬುದು ಒಂದರ ಮೇಲೂ ಇರಲಿಲ್ಲ. ನನ್ನ ಮುಖ್ಯ ಆಕ್ಷೇಪಣೆ ಇದೇ.

ಕಿಟಕಿ ಗಾಜಿನದಲ್ಲ

ನಾಲ್ಕರಲ್ಲಿ ಒಂದು, ಗಾಜು ಒಡೆಯುವ ಸದ್ದನ್ನು ಗುರುತಿಸುವ ಅಲಾರಂ. ಗಾಜಿಗೆ ಪೆಟ್ಟು ಬಿದ್ದಾಗ ಮೊದಲು ಅದು ಬಾಗುವುದರಿಂದ ಕಡಿಮೆ ಆವೃತ್ತಿಯ ಸದ್ದು, ಅನಂತರ ಚೂರಾಗುವುದರಿಂದ ಕೆಲವು ಸಾವಿರ ಹರ್ಟ್ಸ್‌ಗಳ ಸದ್ದು ಹುಟ್ಟುತ್ತವೆ. ಈ ಎರಡನ್ನೂ ಇದೇ ಅನುಕ್ರಮದಲ್ಲಿ ಕೇಳಿದರೆ ಉಪಕರಣ ಕೂಗುತ್ತದೆ. ಕಟ್ಟಡದಲ್ಲಿ ಇದು ಒಳ್ಳೆಯ ಉಪಾಯ. ಆದರೆ ಯುರೋಪಿನ ಮೋಟಾರ್‌ಹೋಮ್‌ಗಳ ವಾಸದ ಭಾಗದಲ್ಲಿ ಸಾಮಾನ್ಯವಾಗಿ ಇರುವುದು ಗಾಜಲ್ಲ, ಎರಡು ಪದರದ ಅಕ್ರಿಲಿಕ್ ಪ್ಲಾಸ್ಟಿಕ್. ತೂಕ ಕಡಿಮೆ, ಶಾಖ ನಿರೋಧಕ ಗುಣ ಹೆಚ್ಚು ಎಂದು ಅದನ್ನು ಬಳಸುತ್ತಾರೆ. ಅಕ್ರಿಲಿಕ್ ಬಿರುಕು ಬಿಟ್ಟರೂ ಅದರ ಸದ್ದು ಗಾಜಿನದಲ್ಲ. ಅಷ್ಟೇ ಅಲ್ಲ, ಕಳ್ಳನಿಗೆ ಅದನ್ನು ಒಡೆಯುವ ಅಗತ್ಯವೇ ಬೀಳದು. ಕಿಟಕಿ ಮೇಲಂಚಿನ ಕೀಲಿನಿಂದ ತೂಗಿ ಹೊರಕ್ಕೆ ತೆರೆಯುತ್ತದೆ. ಕೆಳಗಿನ ಪ್ಲಾಸ್ಟಿಕ್ ಚಿಲಕಗಳನ್ನು ತಿರುಪುಳಿಯಿಂದ ಮೀಟಿದರೆ ಸಾಕು. ನಿಜವಾದ ಗಾಜಿರುವುದು ಚಾಲಕನ ಭಾಗದಲ್ಲಿ ಮಾತ್ರ. ಅಲ್ಲಿಗಷ್ಟೇ ಈ ಸಂವೇದಕ ಉಪಯುಕ್ತ. ‘ಎಲ್ಲ ಕಿಟಕಿಗಳಿಗೂ ಸೂಕ್ತ’ ಎಂಬ ಪೆಟ್ಟಿಗೆಯ ಮಾತು ಇಲ್ಲಿ ತಪ್ಪು.

ಎರಡನೆಯದು ಕಂಪನ ಸಂವೇದಕ. ಒಳಗಿನ ಪೀಜೋವಿದ್ಯುತ್ ಬಿಲ್ಲೆ ಅದುರಿದಾಗ ಸಣ್ಣ ವಿಭವಾಂತರ ಉಂಟಾಗುತ್ತದೆ. ವಿದ್ಯಾರ್ಥಿಯ ಕಿಟಕಿಗಳ ಮೇಲಿದ್ದುದು ಇದೇ. ನಾಲ್ಕು ಚಕ್ರಗಳ ಮೇಲೆ, ಸ್ಪ್ರಿಂಗುಗಳ ಮೇಲೆ ನಿಂತ ಮನೆ ಗಾಳಿಗೆ ತೂಗುತ್ತದೆ. ಮಲಗಿದವರು ಮಗ್ಗುಲು ಬದಲಿಸಿದರೂ ಅಲುಗುತ್ತದೆ. ಮಳೆಹನಿ ನೇರವಾಗಿ ಕಿಟಕಿಯನ್ನೇ ಬಡಿಯುತ್ತದೆ. ಚಿಲಕವನ್ನು ಮೆಲ್ಲಗೆ ಮೀಟುವ ಕಳ್ಳನ ಕಂಪನ ಇವೆಲ್ಲಕ್ಕಿಂತ ದುರ್ಬಲವಾಗಿರಬಹುದು. ಆದ್ದರಿಂದ ಸಂವೇದಿತೆಯ ತಿರುಗುಣಿಯನ್ನು ಎಲ್ಲಿಗೆ ತಿರುಗಿಸಿದರೂ ಸುಳ್ಳು ಕೂಗು ಮತ್ತು ತಪ್ಪಿದ ಕಳ್ಳ, ಈ ಎರಡರಲ್ಲಿ ಒಂದು ತಪ್ಪಿದ್ದಲ್ಲ.

ಮೂರನೆಯದು ದೇಹದಿಂದ ಹೊಮ್ಮುವ ಅವಕೆಂಪು ವಿಕಿರಣವನ್ನು ಗುರುತಿಸುವಂಥದು. ಸುಮಾರು 305 ಕೆಲ್ವಿನ್ ಉಷ್ಣತೆಯ ಚರ್ಮದ ವಿಕಿರಣ ವೀನನ ನಿಯಮದಂತೆ 9.5 ಮೈಕ್ರೋಮೀಟರ್ ತರಂಗಾಂತರದ ಬಳಿ ಗರಿಷ್ಠವಾಗಿರುತ್ತದೆ. ಈ ತರಂಗಾಂತರಕ್ಕೆ ಗಾಜೂ ಅಪಾರದರ್ಶಕ, ಅಕ್ರಿಲಿಕ್ ಕೂಡ ಅಪಾರದರ್ಶಕ. ಹಾಗಾಗಿ ಕಿಟಕಿಯ ಹೊರಗಿರುವವನನ್ನು ಅದು ಕಾಣದು. ಒಳಗೆ ಬಂದ ಮೇಲಷ್ಟೇ ಕಾಣುತ್ತದೆ. ಮನೆಯವರೇ ಒಳಗಿದ್ದರೆ ಅವರಿಗೂ ಕೂಗುತ್ತದೆ. ವಾಹನ ಖಾಲಿ ಇರುವಾಗ ಅದು ಒಳ್ಳೆಯ ಕಾವಲು, ಮಲಗಿರುವಾಗ ನಿರುಪಯುಕ್ತ.

ಕಾಂತ ಮತ್ತು ಅಂತರ

ಉಳಿದದ್ದು ಎಲ್ಲಕ್ಕಿಂತ ಅಗ್ಗವಾದ ಕಾಂತ ಸಂವೇದಕ. ಇದರ ಹೃದಯ ರೀಡ್ ಸ್ವಿಚ್. ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ 1936ರಲ್ಲಿ ರೂಪಿಸಿದ ಸಾಧನವಿದು: ಜಡ ಅನಿಲ ತುಂಬಿದ ಗಾಜಿನ ಕೊಳವೆಯಲ್ಲಿ ನಿಕ್ಕಲ್–ಕಬ್ಬಿಣ ಮಿಶ್ರಲೋಹದ ಎರಡು ತೆಳು ಪಟ್ಟಿಗಳು. ಕಾಂತ ಹತ್ತಿರವಿದ್ದರೆ ಪಟ್ಟಿಗಳು ಕೂಡುತ್ತವೆ, ದೂರ ಸರಿದರೆ ಬೇರ್ಪಡುತ್ತವೆ. ಚೌಕಟ್ಟಿಗೆ ಸ್ವಿಚ್ಚು, ಕಿಟಕಿಗೆ ಕಾಂತ. ಕಿಟಕಿ ತೆರೆದರೆ ಮಾತ್ರ ಕೂಗು. ಗಾಳಿಯ ಅದುರು, ಮಳೆಯ ಸದ್ದುಗಳನ್ನು ಅದು ಲೆಕ್ಕಿಸದು. ಅಕ್ರಿಲಿಕ್ ಕಿಟಕಿಗೆ ಈ ನಾಲ್ಕರಲ್ಲಿ ಹೊಂದುವುದು ಇದೊಂದೇ.

ಆದರೆ ಇದನ್ನೂ ಎಲ್ಲೆಂದರಲ್ಲಿ ಅಂಟಿಸುವಂತಿಲ್ಲ. ಕಿಟಕಿಯ ಎತ್ತರ 500 ಮಿ.ಮೀ. ಎನ್ನಿ. ಕೆಳಂಚು 100 ಮಿ.ಮೀ. ಹೊರಬಂದಾಗ ಕಳ್ಳನ ಕೈ ಒಳನುಗ್ಗುತ್ತದೆ. ಮೇಲಿನ ಕೀಲಿನಿಂದ 50 ಮಿ.ಮೀ. ಕೆಳಗೆ ಕಾಂತವಿದ್ದರೆ, ಸಮರೂಪ ತ್ರಿಭುಜಗಳ ಲೆಕ್ಕದಂತೆ ಅದು ಸರಿಯುವುದು ಕೇವಲ 10 ಮಿ.ಮೀ. ಇಂಥ ಅಗ್ಗದ ಅಲಾರಂಗಳು ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಅಂತರಕ್ಕೆ ಸ್ಪಂದಿಸುತ್ತವೆ, ಆದ್ದರಿಂದ ಕೂಗದೆಯೇ ಇರಬಹುದು. ಕಾಂತ ಕೆಳಂಚಿನಲ್ಲಿರಬೇಕು.

ಇನ್ನೊಂದು ತೊಡಕು ಉಷ್ಣ ವ್ಯಾಕೋಚನ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅಕ್ರಿಲಿಕ್ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 70 ಭಾಗ ಹಿಗ್ಗುತ್ತದೆ. ಅಲ್ಯೂಮಿನಿಯಂ 23 ಭಾಗ, ಗಾಜು ಸುಮಾರು 9 ಭಾಗ. ಮಧ್ಯಾಹ್ನದ ಬಿಸಿಲಿಗೂ ಬೆಳಗಿನ ಜಾವಕ್ಕೂ 40 ಡಿಗ್ರಿ ವ್ಯತ್ಯಾಸವಿದ್ದರೆ ಒಂದು ಮೀಟರ್ ಅಗಲದ ಕಿಟಕಿ 2.8 ಮಿ.ಮೀ. ಹಿಗ್ಗುತ್ತದೆ, ಅಲ್ಯೂಮಿನಿಯಂ ಗೋಡೆ 0.9 ಮಿ.ಮೀ. ಮಾತ್ರ. ಈ ಸುಮಾರು 2 ಮಿ.ಮೀ. ವ್ಯತ್ಯಾಸಕ್ಕೆ ರಬ್ಬರ್ ಅಂಚಿನ ಸಡಿಲವೂ ಸೇರಿದರೆ, ಹೊಸ್ತಿಲ ಅಂತರದಲ್ಲೇ ಅಂಟಿಸಿದ ಕಾಂತ ರಾತ್ರಿಯ ತಂಪಿಗೆ ತಾನಾಗಿ ಅಲಾರಂ ಕೂಗಿಸಬಹುದು. ಸ್ಪಂದನ ಅಂತರದ ಅರ್ಧದಷ್ಟರಲ್ಲಿ ಕಾಂತವಿದ್ದರೆ ಈ ಭಯವಿಲ್ಲ.

ವಾಹನದ ಗೋಡೆ ಅಲ್ಯೂಮಿನಿಯಂ ಅಥವಾ ನಾರುಗಾಜಿನದಾದರೆ ಕಾಂತಕ್ಷೇತ್ರಕ್ಕೆ ಬಾಧೆಯಿಲ್ಲ. ಸರಕು ವ್ಯಾನನ್ನು ಮಾರ್ಪಡಿಸಿ ಮಾಡಿದ ವಾಹನಗಳಲ್ಲಿ ಗೋಡೆ ಉಕ್ಕಿನದು. ಉಕ್ಕು ಬಲರೇಖೆಗಳನ್ನು ತನ್ನೊಳಗೆ ಸೆಳೆದುಕೊಳ್ಳುವುದರಿಂದ ಸ್ಪಂದನ ಅಂತರ ಬದಲಾಗುತ್ತದೆ; ಕೆಳಗೆ ಪ್ಲಾಸ್ಟಿಕ್ ತುಂಡನ್ನಿಟ್ಟು ಅಂಟಿಸಬೇಕು. ಅಂಟಿಸುವ ಮುನ್ನ ‘ಸ್ಪಿರಿಟ್‌ನಿಂದ ಒರೆಸಿ’ ಎಂಬ ಸೂಚನೆಯಿದ್ದರೆ ಅದನ್ನು ಪಾಲಿಸಬೇಡಿ. ಆಲ್ಕೊಹಾಲ್ ತಗುಲಿದರೆ ಒತ್ತಡದಲ್ಲಿರುವ ಅಕ್ರಿಲಿಕ್ ಮೇಲೆ ಕೂದಲೆಳೆಯಂಥ ಬಿರುಕುಗಳು ಮೂಡಬಹುದು. ಸೌಮ್ಯ ಸಾಬೂನಿನ ನೀರು ಸಾಕು.

ಕಾಂತ ಸಂವೇದಕಕ್ಕೂ ಮಿತಿಯಿದೆ. ಕಿಟಕಿಯನ್ನು ತೆರೆಯದೆ ಹಾಳೆಯನ್ನೇ ಕತ್ತರಿಸಿದರೆ ಅದಕ್ಕೆ ತಿಳಿಯದು. ಗಾಳಿಗಾಗಿ ಚಿಲಕವನ್ನು ಎರಡನೆಯ ಗಾಡಿಯಲ್ಲಿಟ್ಟು ಕಿಟಕಿಯನ್ನು ಸ್ವಲ್ಪ ಸಡಿಲವಾಗಿ ಮುಚ್ಚುವ ಸೌಕರ್ಯ ಹಲವು ವಾಹನಗಳಲ್ಲಿದೆ. ಆ ಸ್ಥಿತಿಯಲ್ಲೂ ಅಂತರ ಮಿತಿಯೊಳಗಿದೆಯೇ ಎಂದು ಅಳೆದು ನೋಡಬೇಕು.

ಡೆಸಿಬೆಲ್ ಎಂಬ ಮಾಯೆ

‘120 ಡೆಸಿಬೆಲ್’ ಎಂದು ಅಚ್ಚಾಗಿರುತ್ತದೆ. ಎಷ್ಟು ದೂರದಲ್ಲಿ ಅಳೆದದ್ದು ಎಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ತೆರೆದ ಬಯಲಿನಲ್ಲಿ ದೂರ ಹತ್ತು ಪಟ್ಟಾದರೆ ಮಟ್ಟ 20 ಡೆಸಿಬೆಲ್ ಇಳಿಯುತ್ತದೆ. 10 ಸೆಂ.ಮೀ. ದೂರದಲ್ಲಿ 120 ಇದ್ದದ್ದು ಒಂದು ಮೀಟರ್‌ನಲ್ಲಿ 100, ಹತ್ತು ಮೀಟರ್‌ನಲ್ಲಿ 80. ಇನ್ನೊಂದು ಪೆಟ್ಟಿಗೆಯ ಮೇಲೆ ‘ಒಂದು ಮೀಟರ್‌ನಲ್ಲಿ 105’ ಎಂದಿದ್ದರೆ, ಸಂಖ್ಯೆ ಚಿಕ್ಕದಾದರೂ ಅದೇ ಹೆಚ್ಚು ಜೋರು. ಎರಡು ಮೀಟರ್ ದೂರದಲ್ಲಿ ಮಲಗಿರುವವರನ್ನು ಎಬ್ಬಿಸಲು ಎರಡೂ ಸಾಕು. ಹಾಗಿದ್ದೂ ಕೊಳ್ಳುವವರು ಈ ಅಂಕಿಯನ್ನೇ ನೋಡಿ ಆರಿಸುತ್ತಾರೆ, ಏಕೆಂದರೆ ಹೋಲಿಸಲು ಅವರ ಮುಂದಿಟ್ಟಿರುವುದು ಅದೊಂದನ್ನೇ.

ಸುಳ್ಳು ಕೂಗಿನ ಲೆಕ್ಕ

‘ತೋಳ ಬಂತು ತೋಳ’ ಎಂಬ ಕುರಿಗಾಹಿಯ ಕಥೆ ಎಲ್ಲರಿಗೂ ಗೊತ್ತು. ಅದನ್ನು ಸಂಭವನೀಯತೆಯ ಭಾಷೆಯಲ್ಲಿ ಬರೆಯೋಣ. ಲೆಕ್ಕಕ್ಕಾಗಿ, ಸಾವಿರ ರಾತ್ರಿಗಳಲ್ಲಿ ಒಂದು ರಾತ್ರಿ ಕಳ್ಳ ಬರುತ್ತಾನೆಂದೂ ಪ್ರತಿ ಅಲಾರಂ 50 ರಾತ್ರಿಗಳಿಗೊಮ್ಮೆ ಸುಳ್ಳು ಕೂಗುತ್ತದೆಂದೂ ಭಾವಿಸಿ. ಐವತ್ತಕ್ಕೆ ಒಂದು ಎಂದರೆ ಪರವಾಗಿಲ್ಲ ಎನಿಸುತ್ತದೆ. ಆದರೆ ಕಿಟಕಿಗಳು ಆರು. ಒಂದಾದರೂ ಸುಳ್ಳು ಕೂಗುವ ಸಂಭವ, 0.98ರ ಆರನೆಯ ಘಾತವನ್ನು ಒಂದರಿಂದ ಕಳೆದರೆ, 0.114. ಅಂದರೆ 30 ರಾತ್ರಿಗಳ ಪ್ರವಾಸದಲ್ಲಿ ಮೂರು ನಾಲ್ಕು ರಾತ್ರಿ ನಿದ್ದೆ ಹಾಳು. ಕೂಗು ಕೇಳಿದ ರಾತ್ರಿಗಳಲ್ಲಿ ನಿಜಕ್ಕೂ ಕಳ್ಳ ಬಂದದ್ದು ಸುಮಾರು 115ರಲ್ಲಿ ಒಂದು ರಾತ್ರಿ. ಸುಳ್ಳಿನ ದರ ಸಾವಿರಕ್ಕೊಂದಕ್ಕೆ ಇಳಿದರೆ ಏಳರಲ್ಲಿ ಒಂದು ಕೂಗು ನಿಜವಾಗುತ್ತದೆ. ಆಗ ಎದ್ದು ನೋಡುವ ಅಭ್ಯಾಸ ಉಳಿಯುತ್ತದೆ.

ಫ್ರಾನ್ಸಿನಲ್ಲಿ ಅಲಾರಂ ಆರಿಸಿದ್ದು ತನ್ನದೇ ತಪ್ಪೆಂದು ನನ್ನ ವಿದ್ಯಾರ್ಥಿ ಕೊರಗುತ್ತಿದ್ದ. ನಾನು ಹಾಗೆ ತಿಳಿಯುವುದಿಲ್ಲ. ಮನುಷ್ಯ ಸಹಜವಾಗಿ ಆರಿಸಿಬಿಡುವಂಥ ಉಪಕರಣವನ್ನು ಕಾವಲು ಎಂದು ಮಾರಿದ್ದು ತಪ್ಪು.

ಬ್ಯಾಟರಿ ಮತ್ತು ಮುದ್ರೆ

ಇನ್ನೊಂದು ಸೋಲು ಸದ್ದಿಲ್ಲದ್ದು. ಅನೇಕ ಅಲಾರಂಗಳಲ್ಲಿ ಮೂರು ಬಟನ್ ಸೆಲ್‌ಗಳಿಂದ 4.5 ವೋಲ್ಟ್ ಒದಗಿಸುತ್ತಾರೆ. ಧಾರಕತೆ ಸುಮಾರು 120 ಮಿಲಿಆಂಪಿಯರ್–ಗಂಟೆ. ಕಿಟಕಿ ಮುಚ್ಚಿದ್ದಾಗ ರೀಡ್ ಸ್ವಿಚ್ ಕೂಡಿರುವ ಮಂಡಲದಲ್ಲಿ ಸದಾ ಅಲ್ಪ ಪ್ರವಾಹವಿರುತ್ತದೆ. ಅಲ್ಲಿ ಒಂದು ಲಕ್ಷ ಓಮ್ ರೋಧವಿದ್ದರೆ 45 ಮೈಕ್ರೋಆಂಪಿಯರ್. ಸೆಲ್‌ಗಳು ನಾಲ್ಕು ತಿಂಗಳೊಳಗೆ ಬರಿದು. ಹತ್ತು ಲಕ್ಷ ಓಮ್ ಇದ್ದರೆ ವರ್ಷಕ್ಕೆ 40 ಮಿಲಿಆಂಪಿಯರ್–ಗಂಟೆಯಷ್ಟೇ ವೆಚ್ಚ. ಒಂದು ರೋಧಕದ ಆಯ್ಕೆಯಲ್ಲಿ ಇಷ್ಟು ಅಂತರ! ಚಳಿಗಾಲವಿಡೀ ನಿಲ್ಲಿಸಿಟ್ಟ ವಾಹನದಲ್ಲಿ ಸೆಲ್ ಸತ್ತದ್ದು ಯಾರಿಗೂ ತಿಳಿಯದು. ಆದ್ದರಿಂದ ಬ್ಯಾಟರಿ ಕುಗ್ಗಿದಾಗ ಸೂಚನೆ ಕೊಡುವ, ನಿಸ್ತಂತು ವ್ಯವಸ್ಥೆಯಾದರೆ ‘ನಾನು ಇದ್ದೇನೆ’ ಎಂದು ಆಗಾಗ ಕೇಂದ್ರ ಘಟಕಕ್ಕೆ ವರದಿ ಮಾಡುವ ಸಂವೇದಕವನ್ನೇ ಆರಿಸಬೇಕು.

ಪೆಟ್ಟಿಗೆಯ ಮೇಲಿನ ಸಿಇ ಮುದ್ರೆಯನ್ನು ಗುಣಮಟ್ಟದ ಪ್ರಮಾಣವೆಂದು ಹಲವರು ತಿಳಿಯುತ್ತಾರೆ. ಯುರೋಪಿನ ಒಕ್ಕೂಟದ ಕಾನೂನಿನ ಅಗತ್ಯಗಳನ್ನು ಉತ್ಪನ್ನ ಪಾಲಿಸುತ್ತದೆ ಎಂಬ ಘೋಷಣೆ ಅದು. ಕಳ್ಳನನ್ನು ಹಿಡಿಯುವ ಸಾಮರ್ಥ್ಯದ ಪರೀಕ್ಷೆಯಲ್ಲ. ಕಟ್ಟಡಗಳ ಕಳ್ಳತನ ಸೂಚಕಗಳಿಗೆ ಇಎನ್ 50131 ಎಂಬ ಮಾನಕ ಸರಣಿಯಿದ್ದು, ಅದರಲ್ಲಿ 1ರಿಂದ 4ರವರೆಗೆ ದರ್ಜೆಗಳಿವೆ. ಕಾಂತ ಸಂವೇದಕಗಳಿಗೆ ಪ್ರತ್ಯೇಕ ಭಾಗವೂ ಇದೆ. ಬ್ರಿಟನ್ನಿನಲ್ಲಿ ಥ್ಯಾಚಮ್ ಸಂಸ್ಥೆ ವಾಹನಗಳ ಅಲಾರಂಗಳನ್ನು ಪರೀಕ್ಷಿಸಿ ವರ್ಗೀಕರಿಸುತ್ತದೆ. ಕೊಳ್ಳುವಾಗ ಹುಡುಕಬೇಕಾದದ್ದು ಇಂಥ ಉಲ್ಲೇಖಗಳನ್ನು.

ವಿದ್ಯಾರ್ಥಿಗೆ ನಾನು ಕೊಟ್ಟ ಸಲಹೆ ಇಷ್ಟು: ವಾಸದ ಭಾಗದ ಪ್ರತಿ ಕಿಟಕಿಯ ಕೆಳಂಚಿಗೆ ಕಾಂತ ಸಂವೇದಕ, ವಾಹನ ಬಿಟ್ಟು ಹೋಗುವಾಗ ಮಾತ್ರ ಅವಕೆಂಪು ಸಂವೇದಕ, ಕಂಪನದ್ದು ಬೇಡ. ಹಾಕಿದ ಮೇಲೆ ಮನೆಯ ಮುಂದೆಯೇ, ಗಾಳಿ ಮಳೆಯಿರುವ ಹತ್ತು ರಾತ್ರಿ ಚಾಲೂ ಇಟ್ಟು ಸುಳ್ಳು ಕೂಗುಗಳನ್ನು ಎಣಿಸಬೇಕು. ಅವನು ಈಗ ಎಣಿಸುತ್ತಿದ್ದಾನೆ.

ಅಧ್ಯಾಪಕರು ಇದನ್ನು ತರಗತಿಗೆ ತರಬಹುದು. ರೀಡ್ ಸ್ವಿಚ್, ಪಟ್ಟಿ ಕಾಂತ, ಅಳತೆಪಟ್ಟಿ, ಮಲ್ಟಿಮೀಟರ್ ಸಾಕು. ಕಾಂತವನ್ನು ಹತ್ತಿರ ತರುವಾಗ ಸ್ವಿಚ್ ಕೂಡುವ ಅಂತರವನ್ನೂ ದೂರ ಸರಿಸುವಾಗ ಬೇರ್ಪಡುವ ಅಂತರವನ್ನೂ ಹತ್ತು ಹತ್ತು ಬಾರಿ ಅಳೆಯಲಿ. ಎರಡೂ ಒಂದೇ ಆಗಿರುವುದಿಲ್ಲ. ಏಕೆಂದು ಮಕ್ಕಳೇ ಚರ್ಚಿಸಲಿ. ಅನಂತರ ಕಾಂತದ ಹಿಂದೆ ಒಂದು ಉಕ್ಕಿನ ತಗಡನ್ನಿಟ್ಟು ಮತ್ತೆ ಅಳೆಯಲಿ. ಆ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರು ಮುಂದೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಕಂಡಾಗ, ಅದನ್ನು ಹೇಗೆ ಅಳೆದರು ಎಂದು ಮೊದಲು ಕೇಳುತ್ತಾರೆ.