ಬೋಹಿನ್ ಕಣಿವೆಯಲ್ಲಿ ನೀರಿನ ಜಾಡು ಹಿಡಿದು

ಸರೋವರವಿರುವ ಕಣಿವೆಗೆ ಹೋದವರು ದಂಡೆಯಲ್ಲಿ ಒಂದಷ್ಟು ಹೊತ್ತು ನಿಂತು, ಫೋಟೊ ತೆಗೆದು, ಮುಂದಿನ ಊರಿನ ಬಸ್ಸು ಹತ್ತುವುದೇ ಹೆಚ್ಚು. ಸ್ಲೊವೇನಿಯಾದ ಬೋಹಿನ್ ಕಣಿವೆಯಲ್ಲಿ ಹಾಗೆ ಮಾಡಿದರೆ ಅರ್ಧವನ್ನೂ ಕಂಡಂತಲ್ಲ. ಅಲ್ಲಿನ ಸರೋವರ, ಜಲಪಾತ, ಕಮರಿಗಳನ್ನು ಪೋಣಿಸಿರುವುದು ನೀರು. ಅದು ಒಂದು ಕಡೆ ಮಾಯವಾಗಿ ಇನ್ನೊಂದು ಕಡೆ ಮೇಲೇಳುವುದನ್ನು ಹಿಂಬಾಲಿಸಿ ನಡೆದವರಿಗೆ ಮಾತ್ರ ಕಣಿವೆ ಅರ್ಥವಾಗುತ್ತದೆ.

ಕಣಿವೆಯನ್ನು ಸುತ್ತುವರಿದ ಜೂಲಿಯನ್ ಆಲ್ಪ್ಸ್ ಬಹುಪಾಲು ಸುಣ್ಣಕಲ್ಲಿನ ಬೆಟ್ಟಸಾಲು. ಎತ್ತರದ ಏಣುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಹಿಮ ಬೀಳುತ್ತದೆ. ಇಷ್ಟು ಸುರಿಯುವ ಕಡೆ ಹೆಜ್ಜೆಗೊಂದು ಹಳ್ಳ ಇರಬೇಕಿತ್ತು. ಆದರೆ ಮೇಲೆ ಗಂಟೆಗಟ್ಟಲೆ ನಡೆದರೂ ಹರಿಯುವ ನೀರು ಕಾಣುವುದು ಅಪರೂಪ. ಬಿದ್ದದ್ದನ್ನೆಲ್ಲ ಕಲ್ಲಿನ ಬಿರುಕುಗಳು ಕುಡಿದುಬಿಡುತ್ತವೆ. ಹತ್ತಲು ಹೊರಡುವವರು ಕೆಳಗೇ ಬಾಟಲಿ ತುಂಬಿಸಿಕೊಳ್ಳಬೇಕು. ಅಂಥ ಬೆಟ್ಟದ ಮಡಿಲಲ್ಲೂ ಸರೋವರಗಳ ಸಾಲೊಂದು ಉಳಿದುಕೊಂಡಿದೆ. ತ್ರಿಗ್ಲಾವ್ ಸರೋವರಗಳ ಆ ಕಣಿವೆಗೆ 1924ರಲ್ಲೇ ರಕ್ಷಣೆ ಸಿಕ್ಕಿತು. ಇಂದಿನ ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನಕ್ಕೆ ಅದೇ ಬೀಜ.

ಸಾಲಿನಲ್ಲಿ ಎಲ್ಲಕ್ಕಿಂತ ಕೆಳಗಿನದು ಚರ್ನೊ ಯೇಜೆರೊ, ಕಪ್ಪು ಸರೋವರ. ಸುಮಾರು 1,300 ಮೀಟರ್ ಎತ್ತರದಲ್ಲಿ, ದಟ್ಟ ಕಾಡಿನ ನಡುವೆ, ಕೊಮಾರ್ಚಾ ಎಂಬ ಕಡಿದಾದ ಬಂಡೆಗೋಡೆಯ ಅಂಚಿನ ಹತ್ತಿರ ಇದೆ. ಅದರಿಂದ ಹೊರಗೆ ಹರಿದುಹೋಗುವ ತೊರೆಯಿಲ್ಲ. ನೀರು ನೆಲದೊಳಗೆ ಇಳಿದು, ಬೆಟ್ಟದ ಒಡಲಲ್ಲೇ ದಾರಿ ಮಾಡಿಕೊಂಡು, ಕೆಳಗೆ ಸಾವಿತ್ಸಾ ಜಲಪಾತವಾಗಿ ಹೊರಬರುತ್ತದೆ. ಸಾವಿತ್ಸಾದ ವಿಶೇಷವೇ ಇದು: ನೀರು ಬೆಟ್ಟದ ನೆತ್ತಿಯಿಂದ ಧುಮುಕುವುದಿಲ್ಲ, ಬಂಡೆಯ ಎದೆ ಸೀಳಿಕೊಂಡು ಬರುತ್ತದೆ. ಬೀಳುವ ಎತ್ತರ 78 ಮೀಟರ್. ಸ್ಲೊವೇನಿಯಾದ ಮಹಾಕವಿ ಫ್ರಾನ್ಸೆ ಪ್ರೆಶೆರೆನ್ 1836ರಲ್ಲಿ ಪ್ರಕಟಿಸಿದ ಕಥನಕಾವ್ಯದ ಶೀರ್ಷಿಕೆಯಲ್ಲಿ ಇದರ ಹೆಸರನ್ನು ಸೇರಿಸಿಕೊಂಡ. ಜಲಪಾತಕ್ಕೆ ಐನೂರಕ್ಕೂ ಹೆಚ್ಚು ಮೆಟ್ಟಿಲು. ಜೋರು ಮಳೆಯಾದ ಮಾರನೆಯ ದಿನ ಹೋಗಿ ನೋಡಿ: ಸುಣ್ಣಕಲ್ಲು ನೀರನ್ನು ಬಹುಕಾಲ ಹಿಡಿದಿಟ್ಟುಕೊಳ್ಳದು, ನಿನ್ನೆಯ ಮಳೆ ಇಂದು ಅಬ್ಬರಿಸುತ್ತಿರುತ್ತದೆ. ಕಪ್ಪು ಸರೋವರಕ್ಕೆ ಹತ್ತುವ ಕೊಮಾರ್ಚಾದ ದಾರಿಗೆ ಮಾತ್ರ ಒಣದಿನವೇ ಬೇಕು. ಅಲ್ಲಲ್ಲಿ ಹಿಡಿದುಕೊಳ್ಳಲು ಉಕ್ಕಿನ ಹಗ್ಗ ಬಿಗಿದಿದ್ದಾರೆ. ಆ ದಾರಿಯನ್ನು ಹತ್ತಬೇಕೇ ಹೊರತು ಇಳಿಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದಣಿದ ಮೊಣಕಾಲಿಗೆ ಆ ಇಳಿಜಾರು ತಕ್ಕುದಲ್ಲ.

ಸಾವಿತ್ಸಾ ಹೊಳೆ ಬೋಹಿನ್ ಸರೋವರವನ್ನು ಸೇರುತ್ತದೆ. ನಾಲ್ಕು ಕಿಲೋಮೀಟರಿಗೂ ಉದ್ದವಾದ, 45 ಮೀಟರ್ ಆಳದ ಈ ಸರೋವರ ಹಿಮನದಿ ಕೆತ್ತಿದ್ದು. ತಾನೇ ತಳ್ಳಿ ತಂದ ಕಲ್ಲುಮಣ್ಣನ್ನು ಪೂರ್ವದ ತುದಿಯಲ್ಲಿ ಗುಡ್ಡೆ ಹಾಕಿ, ಹಿಮನದಿ ಕರಗಿಹೋಯಿತು. ಆ ಗುಡ್ಡೆಯೇ ಕಟ್ಟೆಯಾಯಿತು. ಒಳಗಿನ ನೀರು ವರ್ಷಕ್ಕೆ ಮೂರು ಸಲದಷ್ಟು ಪೂರ್ತಿ ಬದಲಾಗುತ್ತದೆ. ಆ ತಿಳಿ, ಆ ಚಳಿ ಎರಡಕ್ಕೂ ಇದೂ ಒಂದು ಕಾರಣ. ಸುತ್ತು ಹಾಕಲು ಸುಮಾರು 12 ಕಿಲೋಮೀಟರ್. ದಕ್ಷಿಣ ದಂಡೆಯಲ್ಲಿ ಡಾಂಬರು ರಸ್ತೆ, ವಾಹನಗಳ ಸದ್ದು. ಉತ್ತರ ದಂಡೆ ಕಾಲುದಾರಿಯದು: ಬೀಚ್ ಮರಗಳ ಕಾಡು, ಕುಸಿದ ಕಲ್ಲುಗಳ ಇಳಿಜಾರು, ಕೊನೆಗೆ ಹುಲ್ಲುಗಾವಲು. ಸಮಯ ಒಂದೇ ದಂಡೆಗೆ ಸಾಕಾಗುವಷ್ಟಿದ್ದರೆ ಪಶ್ಚಿಮದ ಉಕಾಂತ್ಸ್‌ನಿಂದ ಹೊರಟು, ನೀರು ಹೋಗುವ ದಿಕ್ಕಿನಲ್ಲೇ ಉತ್ತರ ದಂಡೆಗುಂಟ ಸ್ತಾರಾ ಫುಝಿನಾ ಹಳ್ಳಿಯವರೆಗೆ ನಡೆಯಿರಿ.

ಆ ಹಳ್ಳಿಯ ಬೆನ್ನಿಗೇ ಮೊಸ್ತ್‌ನಿತ್ಸಾ ಹೊಳೆಯ ಕಮರಿ. ನನಗೆ ಸರೋವರಕ್ಕಿಂತ ಒಂದು ಗುಲಗಂಜಿ ಹೆಚ್ಚು ಪ್ರಿಯ. ಮೇಲಿನ ವೋಯೆ ಕಣಿವೆ ಹಿಮನದಿಯ ಕೈಕೆಲಸ, ಅಗಲವಾಗಿ, ಮಟ್ಟಸವಾಗಿ ಹರಡಿಕೊಂಡಿದೆ. ಅಲ್ಲಿಂದ ಇಳಿದುಬರುವ ಹೊಳೆ ಸುಣ್ಣಕಲ್ಲನ್ನು ಕೊರೆದು, ಸುಮಾರು ಎರಡು ಕಿಲೋಮೀಟರ್ ಉದ್ದಕ್ಕೆ, ಕೆಲವೆಡೆ 20 ಮೀಟರ್ ಆಳಕ್ಕೆ ಇಳಿದಿದೆ. ಮೇಕೆದಾಟಿನ ಬಂಡೆಗಳಲ್ಲಿ ಕಾವೇರಿ ಕೊರೆದ ಗುಳಿಗಳನ್ನು ಕಂಡವರಿಗೆ ಈ ಕೆಲಸದ ಪರಿಚಯವಿರುತ್ತದೆ: ಸುಳಿಗೆ ಸಿಕ್ಕ ಕಲ್ಲುಗಳು ತಿರುಗಿ ತಿರುಗಿ ತಳವನ್ನು ತೋಡುತ್ತವೆ. ಇಲ್ಲಿ ಕಲ್ಲು ಸವೆಯುವುದರ ಜೊತೆಗೆ ಕರಗುವುದೂ ಉಂಟು. ಹಾಗಾಗಿ ಗೋಡೆಗಳಿಗೆ ಅಂಥ ನುಣುಪು, ಅಂಥ ಬಳುಕು. ಒಂದು ಕಡೆ ಸೊಂಡಿಲು ಇಳಿಬಿಟ್ಟ ಆನೆಮರಿಯಂತೆಯೇ ಕಲ್ಲಿನ ಕಮಾನೊಂದು ಉಳಿದಿದೆ.

ದೆವ್ವದ ಸೇತುವೆ ಎಂದು ಹೆಸರಾದ ಹಳೆಯ ಕಲ್ಲುಸೇತುವೆಯಿಂದ ಒಳಹೊಕ್ಕು, ಹೊಳೆಗೆ ಎದುರಾಗಿ ಹತ್ತಿರಿ. ಒಂದು ದಂಡೆಯಲ್ಲಿ ಹೋಗಿ ಇನ್ನೊಂದರಲ್ಲಿ ಬರುವುದು ಲೇಸು. ಒಂದೇ ಮಡು ಎರಡು ಬಗೆಯಾಗಿ ಕಾಣುತ್ತದೆ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕಮರಿಯೊಳಗೆ ಇರುವಂತೆ ನೋಡಿಕೊಳ್ಳಿ, ಇಕ್ಕಟ್ಟಿನ ತಳಕ್ಕೆ ಬಿಸಿಲು ಇಳಿಯುವುದು ಆಗಲೇ. ವಾಪಸ್ಸಾದ ಮೇಲೆ ಹಳ್ಳಿಯ ಹತ್ತಿರದ ಸಂಗಮಕ್ಕೂ ಹೋಗಿಬನ್ನಿ. ಸರೋವರದಿಂದ ಹೊರಟ ಯೇಜೆರ್ನಿತ್ಸಾ ಅಲ್ಲಿ ಮೊಸ್ತ್‌ನಿತ್ಸಾವನ್ನು ಕೂಡಿಕೊಂಡು ಸಾವಾ ಬೋಹಿನ್ಕಾ ನದಿಯಾಗುತ್ತದೆ. ಮುಂದೆ ಸಾವಾ ಆಗಿ ಬೆಲ್‌ಗ್ರೇಡಿನಲ್ಲಿ ಡ್ಯಾನ್ಯೂಬನ್ನು ಸೇರುತ್ತದೆ.