ಹೆಸರಘಟ್ಟದ ನೃತ್ಯಗ್ರಾಮ

ಬೆಂಗಳೂರಿನ ಹೊರವಲಯದ ಸೋಲದೇವನಹಳ್ಳಿಯಿಂದ ಹೆಸರಘಟ್ಟದ ಕಡೆಗೆ ಹೊರಟವರಿಗೆ ಅರ್ಧ ದಿನದ ಬಿಡುವಿದ್ದರೂ ಸಾಕು, ನೃತ್ಯವನ್ನೇ ಉಸಿರಾಡುವ ಪುಟ್ಟ ಊರೊಂದು ಕಾಣಸಿಗುತ್ತದೆ. ಅದೇ ನೃತ್ಯಗ್ರಾಮ.

ಒಡಿಸ್ಸಿ ಕಲಾವಿದೆ ಪ್ರೊತಿಮಾ ಗೌರಿ ಬೇಡಿ 1990ರಲ್ಲಿ ಕಟ್ಟಿದ ಗುರುಕುಲವಿದು. ಗುರು ಕೇಳುಚರಣ ಮಹಾಪಾತ್ರರ ಬಳಿ ಕಲಿತಿದ್ದ ಅವರು, ಗುರುವಿನ ಜೊತೆಗಿದ್ದೇ ಕಲಿಯುವ ಹಳೆಯ ಪದ್ಧತಿಗೆ ಇಲ್ಲಿ ನೆಲೆ ಕೊಟ್ಟರು. ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಕಲ್ಲು, ಮಣ್ಣು, ಹುಲ್ಲುಗಳಿಂದ ಮನೆಗಳನ್ನೂ ಬಯಲು ರಂಗಮಂದಿರವನ್ನೂ ರೂಪಿಸಿದರು.

ನೋಡಬೇಕಾದದ್ದು ಅಭ್ಯಾಸವನ್ನು. ‘ಚೌಕ’ದಲ್ಲಿ ಮಂಡಿ ಬಾಗಿಸಿ ನಿಂತ ಮೈ ಜಗನ್ನಾಥನ ಮೂರ್ತಿಯಂತೆ ಸ್ಥಿರ, ‘ತ್ರಿಭಂಗಿ’ಗೆ ಹೊರಳಿದರೆ ಕತ್ತು, ನಡು, ಮಂಡಿ ಮೂರೂ ಬಳುಕುತ್ತವೆ. ಮರ್ದಲ ವಾದ್ಯದ ಏಟಿಗೆ ಸರಿಯಾಗಿ ಪಾದ ನೆಲ ತಟ್ಟುವಾಗಲೂ ಮುಖದಲ್ಲಿ ದಣಿವಿನ ಸುಳಿವಿರಬಾರದು. ವರ್ಷಗಟ್ಟಲೆ ತಿದ್ದಿಸಿಕೊಂಡ ದೇಹಕ್ಕಷ್ಟೇ ಒಲಿಯುವ ಸೊಬಗು ಅದು.

ಪ್ರೊತಿಮಾ 1998ರಲ್ಲಿ ಮಾನಸ ಸರೋವರ ಯಾತ್ರೆಯ ಹಾದಿಯಲ್ಲಿ, ಮಾಲ್ಪಾದ ಭೂಕುಸಿತದಲ್ಲಿ ತೀರಿಕೊಂಡರು. ಗ್ರಾಮದ ಕೆಲಸ ನಿಲ್ಲಲಿಲ್ಲ. ಇಲ್ಲೇ ಕಲಿತ ಸುರೂಪಾ ಸೇನ್ ಸಂಯೋಜಿಸಿದ ನೃತ್ಯಗಳು ನ್ಯೂಯಾರ್ಕ್‌ವರೆಗೂ ಹೋದವು; ಶ್ರೀಲಂಕಾದ ಚಿತ್ರಸೇನ ತಂಡದೊಡನೆ ಸೇರಿ ರೂಪಿಸಿದ ‘ಸಂಹಾರ’ದಲ್ಲಿ ಒಡಿಸ್ಸಿಯೂ ಕ್ಯಾಂಡಿಯನ್ ನೃತ್ಯವೂ ಒಂದೇ ವೇದಿಕೆ ಹಂಚಿಕೊಂಡವು. ಸುತ್ತಲಿನ ಹಳ್ಳಿಗಳ ಮಕ್ಕಳಿಗೂ ಇಲ್ಲಿ ನೃತ್ಯದ ಪಾಠವಿದೆ.