ಅಳಿಸಲೊಲ್ಲದ ಫೈಲು: ಒಂದು ರಿಪೇರಿ ಪದ್ಧತಿಯ ವಿಮರ್ಶೆ

ರಿಪ್ಪನ್‌ಪೇಟೆಯಂಥ ಮಲೆನಾಡಿನ ಪೇಟೆಗಳಲ್ಲಿ ಡಿಟಿಪಿ, ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಕೆಲಸಕ್ಕೆ ಒದಗುವ ಕಂಪ್ಯೂಟರ್ ಕೆಟ್ಟಾಗ ರೂಢಿಯಲ್ಲಿರುವ ಚಿಕಿತ್ಸೆ ಎರಡೇ ಬಗೆಯದು: ತೊಂದರೆಯ ಮೂಲವೆಂದು ಶಂಕಿಸಿದ ಫೈಲನ್ನು ಹೇಗಾದರೂ ಮಾಡಿ ಡಿಲೀಟ್ ಮಾಡುವುದು, ಅದು ಸಾಧ್ಯವಾಗದಿದ್ದರೆ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುವುದು. ಇವೆರಡರ ನಡುವೆ ದುರಸ್ತಿಯ ದಾರಿಯೊಂದಿದೆ ಎಂಬುದನ್ನು ಈ ಪದ್ಧತಿ ಬಹುಮಟ್ಟಿಗೆ ಮರೆತಿದೆ. ವಿಂಡೋಸ್ ಒಂದು ಫೈಲನ್ನು ಅಳಿಸಲು ಒಪ್ಪದಿದ್ದಾಗ ಆ ನಿರಾಕರಣೆಯಲ್ಲಿಯೇ ರೋಗದ ಸುಳಿವು ಇರುತ್ತದೆ ಎಂಬುದನ್ನು ಗಮನಿಸದಿರುವುದು ಅದರ ಮುಖ್ಯ ದೋಷ.

ಫೈಲು ಬಳಕೆಯಲ್ಲಿದೆ ಎಂಬ ಸಂದೇಶ ಬಂದರೆ, ಯಾವುದೋ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದು, ಉಳಿದವರು ಅದನ್ನು ಅಳಿಸದಂತೆ ತಡೆದಿದೆ ಎಂದು ಅರ್ಥ. ಲಿನಕ್ಸ್‌ನಲ್ಲಿ ತೆರೆದಿರುವ ಫೈಲಿನ ಹೆಸರನ್ನೂ ತೆಗೆದುಹಾಕಬಹುದು, ಅದನ್ನು ಬಳಸುತ್ತಿರುವ ಪ್ರೋಗ್ರಾಂ ಮುಚ್ಚಿದ ಮೇಲೆ ಡಿಸ್ಕಿನ ಜಾಗ ತಾನಾಗಿಯೇ ತೆರವಾಗುತ್ತದೆ. ವಿಂಡೋಸಿನ ರೀತಿ ಸಾಮಾನ್ಯವಾಗಿ ಹಾಗಲ್ಲವಾದ್ದರಿಂದ, ಹಿಡಿದುಕೊಂಡವರು ಯಾರೆಂದು ಪತ್ತೆಮಾಡುವುದೇ ಇಲ್ಲಿ ಮೊದಲ ಕೆಲಸವಾಗಬೇಕು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ಪ್ರಾಸೆಸ್ ಎಕ್ಸ್‌ಪ್ಲೋರರ್ ಎಂಬ ಉಪಕರಣದಲ್ಲಿ ಫೈಲಿನ ಹೆಸರನ್ನು ಹುಡುಕಿದರೆ ಅದು ತಿಳಿಯುತ್ತದೆ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಹರಡುವ ಶಾರ್ಟ್‌ಕಟ್ ವೈರಸ್ಸಿನ ಪ್ರಸಂಗವನ್ನು ನೋಡಬಹುದು. ಅಳಿಸಿದ ಶಾರ್ಟ್‌ಕಟ್‌ಗಳು ಕ್ಷಣಮಾತ್ರದಲ್ಲಿ ಮತ್ತೆ ಹುಟ್ಟುವುದಕ್ಕೆ ಕಾರಣ ಮೆಮೊರಿಯಲ್ಲಿ ಓಡುತ್ತಿರುವ ಸಣ್ಣ ಸ್ಕ್ರಿಪ್ಟು. ಅದನ್ನು ನಿಲ್ಲಿಸದೆ ಎಷ್ಟು ಸಲ ಅಳಿಸಿದರೂ ಫಲವಿಲ್ಲ, ನಿಲ್ಲಿಸಿದ ಮೇಲೆ ಅಳಿಸಲು ಬಲಪ್ರಯೋಗವೇನೂ ಬೇಕಾಗಿಲ್ಲ. ಗಿರಾಕಿಯ ಮೂಲ ಫೈಲುಗಳು ಸಾಮಾನ್ಯವಾಗಿ ಅದೇ ಪೆನ್‌ಡ್ರೈವಿನಲ್ಲಿ ‘ಹಿಡನ್’ ಗುರುತು ಹೊತ್ತು ಸುಖವಾಗಿಯೇ ಇರುತ್ತವೆ ಎಂಬುದು ತಿಳಿಯದೆ ಇಡೀ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡುವುದನ್ನು ಚಿಕಿತ್ಸೆ ಎಂದು ಕರೆಯುವುದು ಕಷ್ಟ.

ಎರಡನೆಯ ಬಗೆಯ ನಿರಾಕರಣೆ ಒಡೆತನಕ್ಕೆ ಸಂಬಂಧಿಸಿದ್ದು. ವಿಂಡೋಸ್ 2000ದಲ್ಲಿ ಸಿಸ್ಟಂ ಫೈಲೊಂದನ್ನು ಅಳಿಸಿದರೆ ವ್ಯವಸ್ಥೆಯು ತಾನು ಕಾಪಿಟ್ಟ ಪ್ರತಿಯಿಂದ ಅದನ್ನು ಸದ್ದಿಲ್ಲದೆ ಮರಳಿ ತರುತ್ತಿತ್ತು. ವಿಸ್ಟಾದಿಂದ ಈಚೆಗೆ ಇಂಥ ಫೈಲುಗಳ ಒಡೆತನವನ್ನೇ ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಆಂತರಿಕ ಸೇವೆಗೆ ವಹಿಸಲಾಗಿದ್ದು, ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆದವರಿಗೂ ಅಳಿಸುವ ಅನುಮತಿ ದೊರೆಯುವುದಿಲ್ಲ. ಟೇಕ್‌ಓನ್ ಎಂಬ ಆದೇಶದಿಂದ ಒಡೆತನವನ್ನು ಕಿತ್ತುಕೊಳ್ಳಬಹುದು, ಯೂಟ್ಯೂಬ್ ವಿಡಿಯೋಗಳು ಹೇಳಿಕೊಡುವ ಉಪಾಯವೂ ಬಹುತೇಕ ಇದೇ. ಆದರೆ ಹೀಗೆ ಬದಲಾಯಿಸಿದ ಅನುಮತಿಯನ್ನು ಹಿಂದಿನ ಸ್ಥಿತಿಗೆ ತರುವ ಪಾಠ ಆ ವಿಡಿಯೋಗಳಲ್ಲಿ ಅಪರೂಪ. ಜಾಗ ಉಳಿಸುವ ಆಸೆಯಿಂದ, ಸಿಸ್ಟಂ ಫೈಲುಗಳ ಪ್ರತಿಗಳ ಉಗ್ರಾಣವಾದ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರಿಗೆ ಕೈಹಾಕುವುದಂತೂ ಶುದ್ಧ ಅವಿವೇಕ, ಏಕೆಂದರೆ ಅಲ್ಲಿರುವ ಎಷ್ಟೋ ಫೈಲುಗಳು ಹಾರ್ಡ್‌ಲಿಂಕ್‌ಗಳು, ಅಂದರೆ ಡಿಸ್ಕಿನ ಒಂದೇ ಪ್ರತಿಗೆ ಬೇರೆ ಬೇರೆ ಫೋಲ್ಡರುಗಳಲ್ಲಿರುವ ಹೆಸರುಗಳು. ಫೋಲ್ಡರಿನ ಗಾತ್ರ ದೊಡ್ಡದಾಗಿ ಕಂಡರೂ ಅಳಿಸಿದಾಗ ಅಷ್ಟು ಜಾಗ ಸಿಗುವುದಿಲ್ಲ, ಮುಂದಿನ ಅಪ್‌ಡೇಟ್ ಮಾತ್ರ ನಿಂತುಹೋಗಬಹುದು.

ಅಳಿಸುವುದೇ ಸರಿಯಾದ ಚಿಕಿತ್ಸೆಯಾದ ಪ್ರಸಂಗಗಳಿಲ್ಲವೆಂದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಳಿಸಿದ ದೋಷಯುಕ್ತ ಫೈಲಿನಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ, ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಕೆಲವು ವಿಮಾನಯಾನ ಸಂಸ್ಥೆಗಳ ಸಿಬ್ಬಂದಿ ಚೆಕ್‌ಇನ್ ಕೆಲಸವನ್ನು ಕೈಯಿಂದಲೇ ಮಾಡಬೇಕಾಯಿತು. ಸೇಫ್ ಮೋಡ್‌ನಲ್ಲಿ, ಎಂದರೆ ಅತ್ಯಗತ್ಯ ಡ್ರೈವರುಗಳಷ್ಟೇ ಓಡುವ ಸ್ಥಿತಿಯಲ್ಲಿ, ಕಂಪ್ಯೂಟರನ್ನು ತೆರೆದು ಸಿ-00000291 ಎಂದು ಆರಂಭವಾಗುವ ಫೈಲನ್ನು ಅಳಿಸುವುದೇ ಅಲ್ಲಿನ ಪರಿಹಾರವಾಗಿತ್ತು. ಆ ಅಳಿಸುವಿಕೆ ಸಮರ್ಥನೀಯವಾದದ್ದು ಫೈಲಿನ ಹೆಸರು, ಅದು ಇರುವ ಜಾಗ, ಅದರ ದೋಷ ಮೂರೂ ಖಚಿತವಾಗಿ ತಿಳಿದಿದ್ದರಿಂದ. ಅಲ್ಲದೆ ಅದು ವಿಂಡೋಸಿನ ಸ್ವಂತ ಫೈಲೂ ಆಗಿರಲಿಲ್ಲ. ಅಂಗಡಿಯ ಮೇಜಿನ ಮೇಲೆ ನಡೆಯುವ ಅಳಿಸುವಿಕೆಗೆ ಈ ಮೂರರಲ್ಲಿ ಒಂದಾದರೂ ಆಧಾರವಿರುವುದು ಅಪರೂಪ.

ಮಲೆನಾಡಿನ ಮಟ್ಟಿಗೆ ಕಾರಣ ಎಷ್ಟೋ ಸಲ ಫೈಲಿನ ಹೊರಗಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವ ಊರಿನಲ್ಲಿ, ಬ್ಯಾಟರಿ ಸತ್ತ ಯುಪಿಎಸ್ ಇಟ್ಟುಕೊಂಡ ಕಂಪ್ಯೂಟರ್ ಅಪ್‌ಡೇಟಿನ ನಡುವೆಯೇ ಆರಿದರೆ ಸಿಸ್ಟಂ ಫೈಲು ಅರ್ಧ ಬರೆದ ಸ್ಥಿತಿಯಲ್ಲಿ ಉಳಿಯಬಹುದು. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆ ಬದಲಾವಣೆಗಳನ್ನು ಮೊದಲೇ ದಿನಚರಿಯಂತೆ ದಾಖಲಿಸಿಕೊಳ್ಳುವುದು ನಿಜವಾದರೂ, ಆ ದಾಖಲೆ ಕಾಯುವುದು ಡಿಸ್ಕಿನ ರಚನೆಯನ್ನು, ಫೈಲಿನೊಳಗಿನ ವಿಷಯವನ್ನಲ್ಲ. ಆದ್ದರಿಂದ ಮೊದಲು ಡಿಸ್ಕಿನ ಆರೋಗ್ಯ ನೋಡಿ, ಚೆಕ್‌ಡಿಸ್ಕ್ ಓಡಿಸಿ, ಬಳಿಕ ಫೈಲುಗಳ ಪರೀಕ್ಷೆಗೆ ಹೋಗುವ ಕ್ರಮವೇ ಯುಕ್ತ. ಎಸ್‌ಎಫ್‌ಸಿ ಎಂಬ ಆದೇಶ ಸಿಸ್ಟಂ ಫೈಲುಗಳನ್ನು ವಿನ್‌ಎಸ್‌ಎಕ್ಸ್‌ಎಸ್ ಉಗ್ರಾಣದ ಪ್ರತಿಗಳೊಂದಿಗೆ ಹೋಲಿಸಿ ಕೆಟ್ಟದ್ದನ್ನು ಬದಲಾಯಿಸುತ್ತದೆ. ಉಗ್ರಾಣವೇ ಕೆಟ್ಟಿದ್ದರೆ ಅದು ಕೈಚೆಲ್ಲುತ್ತದೆ, ಆಗ ವಿಂಡೋಸ್ 8ರಿಂದ ಈಚೆಗೆ ದೊರೆಯುವ ಡಿಐಎಸ್‌ಎಂ ದುರಸ್ತಿಯನ್ನು ಮೊದಲು ನಡೆಸಿ ಎಸ್‌ಎಫ್‌ಸಿಯನ್ನು ಮತ್ತೆ ಓಡಿಸಬೇಕಾಗುತ್ತದೆ.

ಈ ದಾರಿ ದೋಷರಹಿತವೇನೂ ಅಲ್ಲ. ಡಿಐಎಸ್‌ಎಂ ತನಗೆ ಬೇಕಾದ ಪ್ರತಿಗಳನ್ನು ಸಾಮಾನ್ಯವಾಗಿ ಇಂಟರ್‌ನೆಟ್ಟಿನಿಂದ ತರಿಸಿಕೊಳ್ಳುವುದರಿಂದ, ಸಿಗ್ನಲ್ ಬಂದು ಹೋಗುವ ಕಡೆ ಅದು ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬಹುದು. ಗಿರಾಕಿ ಕಾದು ಕುಳಿತಿರುವಾಗ ಫಾರ್ಮ್ಯಾಟ್ ಮಾಡುವುದೇ ವೇಗವಾಗಿ ಕಾಣುವುದೂ ಸಹಜ. ಆದರೆ ಆ ವೇಗದ ಲೆಕ್ಕದಲ್ಲಿ ಡೆಸ್ಕ್‌ಟಾಪಿನಲ್ಲಿದ್ದ ನುಡಿ ತಂತ್ರಾಂಶದ ಕಡತಗಳು, ಪ್ರಿಂಟರ್ ಡ್ರೈವರು, ಫಾಂಟುಗಳನ್ನು ಮರಳಿ ಜೋಡಿಸುವ ಹೊತ್ತು ಸೇರಿರುವುದಿಲ್ಲ. ಅದೇ ಆವೃತ್ತಿಯ ವಿಂಡೋಸ್ ಐಎಸ್‌ಒ ಪೆನ್‌ಡ್ರೈವಿನಲ್ಲಿದ್ದರೆ ಡಿಐಎಸ್‌ಎಂ ಇಂಟರ್‌ನೆಟ್ ಇಲ್ಲದೆಯೂ ಅದರಿಂದಲೇ ಪ್ರತಿಗಳನ್ನು ಪಡೆಯಬಲ್ಲದು. ಹೊಸ ವಿಂಡೋಸ್ ಹಾಕಲು ರಿಪೇರಿಯವರು ಹೇಗೂ ಜೊತೆಗೆ ತರುವ ಪೆನ್‌ಡ್ರೈವು ಈ ಕೆಲಸಕ್ಕೂ ಸಾಕು.